ದೊಡ್ಡ ಅಕ್ಕೋರ ಮಳೆಹುಳ

ಹುಲಸೂರಿನ ಕಂಪೌಂಡರೊಬ್ಬರು ಏನೋ ಕೆಲಸಕ್ಕೆಂದು ಮೊನ್ನೆ ಬಸವಕಲ್ಯಾಣದ ನಮ್ಮ ಆಫೀಸಿಗೆ ಬಂದಿದ್ದರು. ಚಹಾ ಕುಡಿದು, ಎಲ್ಲ ಮಾತು ಮುಗಿಸಿ, ಚಪ್ಪಲಿ ಮೆಟ್ಟುವಾಗ ನೆನಪಾದವರಂತೆ, “ನಿಮ್ಮ ಇಲಾಖಿ ದೊಡ್ಡ ಅಕ್ಕೋರು ಹೋದ್ರಲ್ರಿ, ನಿಮಗ ಗೊತ್ತದ ಇಲ್ಲೋ?” ಅಂದರು. ನನಗೆ ಗೊತ್ತಿರಲಿಲ್ಲ. ಹೋಗಿ ಎರಡು ತಿಂಗಳಾಯಿತಂತೆ. ಮೂರು ದಿನ ಜ್ವರ, ನಾಲ್ಕನೇ ದಿನ ಇಲ್ಲ. ಓಣಿಯವರೇ ಸೇರಿ ಮಣ್ಣು ಮಾಡಿದರಂತೆ. “ಯಾರಿಗಿ ಕಾರ್ಡ್ ಹಾಕಬೇಕಂತ ತಿಳೀಲಿಲ್ರಿ” ಎಂದರು. ಕಂಪೌಂಡರು ಹೊರಟ ಮೇಲೂ ನಾನು ಕುರ್ಚಿಯಿಂದ ಏಳಲಿಲ್ಲ. ಕಾರ್ಡು ಹಾಕಬಹುದಾಗಿದ್ದ ವಿಳಾಸ ನನ್ನದೊಂದಿತ್ತು. ಅದನ್ನು ಅಲ್ಲಿ ಯಾರಿಗಾದರೂ ಕೊಟ್ಟು ಬರುವ ಬುದ್ಧಿ ನನಗೆ ಬಂದಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿಗಿಂತ ಜನ ಇಟ್ಟ ಅಡ್ಡಹೆಸರೇ ಹೆಚ್ಚು ಓಡಾಡಿತು. ಹೆಸರು ಬರೆದರೆ ಅದೂ ಹಿಂದೆಯೇ ಬರುತ್ತದೆ. ನನಗೆ ಅವರು ದೊಡ್ಡ ಅಕ್ಕೋರು, ಅಷ್ಟೇ. ಹಳ್ಳಿಗೆ ಬಂದು ನಾಲ್ಕಕ್ಷರವೋ ಅಡುಗೆಯೋ ಕಲಿಸುವ ಹೆಂಗಸರನ್ನೆಲ್ಲ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಅರವತ್ತರ ದಶಕದ ಕೊನೆಯಲ್ಲಿ ನಾನು ಹುಮನಾಬಾದಿನ ಬ್ಲಾಕ್ ಆಫೀಸಿಗೆ ಗ್ರಾಮಸೇವಕಿಯಾಗಿ ಸೇರಿದಾಗ ಅವರು ಅಲ್ಲಿ ಹಳಬರು. ಇಬ್ಬರು ಅಕ್ಕೋರನ್ನು ಗುರುತಿಸಲು ಹಳ್ಳಿಯವರೇ ದಾರಿ ಹುಡುಕಿದರು. ಅವರು ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು.

ದೊಡ್ಡವರು ಎತ್ತರಕ್ಕೂ ದೊಡ್ಡವರೇ. ಸೀರೆಯನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಉಟ್ಟು ದಾಪುಗಾಲು ಹಾಕುತ್ತಿದ್ದರು. ನಾನು ಹಿಂದೆ ಓಡಬೇಕಾಗುತ್ತಿತ್ತು. ಯಾವ ಮನೆಗೆ ಹೋದರೂ ಮೊದಲು ಕೂಸನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದು, ಅದರ ತಲೆಯ ಒಂದೆಳೆ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ಕಪ್ಪಾಗಿದ್ದರೆ ಕೂಸಿಗೊಂದು ಮುತ್ತು. ಕೆಂಚಾಗಿ ಎಳೆದರೆ ಬರುವಂತಿದ್ದರೆ ಅದು ಹೊಟ್ಟೆಗೆ ಸಾಲದ ಗುರುತು, ಕೂಸನ್ನು ತಾಯಿಯ ಕೈಗೆ ಕೊಟ್ಟು ಅವಳ ಒಲೆಯ ಕಡೆ ನೋಡುತ್ತಿದ್ದರು. ಅಡುಗೆಮನೆಯ ಗಡಿಗೆಗಳ ಮುಚ್ಚಳ ತೆಗೆದು ನೋಡುವ ಚಟವೂ ಇತ್ತು. ಅದಕ್ಕೆ ಕೆಲವರು ಬೈದುಕೊಂಡದ್ದನ್ನೂ ಕೇಳಿದ್ದೇನೆ.

ಅವರು ಜಹೀರಾಬಾದಿನ ಆಚೆಯ ಯಾವುದೋ ತೆಲುಗು ಹಳ್ಳಿಯವರು. ಮದುವೆಯಾಗಿತ್ತೋ ಇಲ್ಲವೋ, ಇದ್ದರೆ ಗಂಡ ಏನಾದ, ಒಂದನ್ನೂ ಹೇಳಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, “ಅದೆಲ್ಲ ಹಳೀ ಖಾತಿ ತಂಗಿ, ಬಂದ್ ಆಗ್ಯಾದ” ಎಂದು ಸ್ಟೋವಿಗೆ ಪಂಪು ಹೊಡೆಯತೊಡಗಿದರು. ಆ ಸ್ಟೋವಿನ ಜೊತೆ ಮಾತ್ರ ಅವರು ತೆಲುಗಿನಲ್ಲಿ ಮಾತಾಡುತ್ತಿದ್ದರು, ಅದೂ ಹೆಚ್ಚಾಗಿ ಬೈಗುಳ. ಭಾನುವಾರ ಸಂಜೆ ಹುಮನಾಬಾದ್ ಬಸ್‌ಸ್ಟ್ಯಾಂಡಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಜಹೀರಾಬಾದ್ ಬಸ್ಸು ಬಂದರೆ ಎದ್ದು ನಿಂತು, ಇಳಿದವರ ಮುಖವನ್ನೆಲ್ಲ ನೋಡಿ, ಬಸ್ಸು ಹೊರಟ ಮೇಲೆ ಮತ್ತೆ ಕೂರುವುದು. ಒಂದು ದಿನವೂ ಹತ್ತಿದವರಲ್ಲ. ಆಫೀಸಿನವರು “ಅಕ್ಕೋರಿಗಿ ಕಂಟ್ರೋಲರ್ ನೌಕರಿ ಸಿಕ್ಕದ” ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಆಗ ನನಗೆ ವಯಸ್ಸು ಇಪ್ಪತ್ಮೂರು.

ಅವರಿಗೆ ಇಡೀ ಸುತ್ತಿನಲ್ಲಿ ನೆಂಟರು ಅಂತ ಇದ್ದದ್ದು ನಾನೊಬ್ಬಳೇ. ಹಳೆಯ ಪೇಟೆಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಕೂಡಿ ಇದ್ದೆವು. ಬಸವಕಲ್ಯಾಣದ ಬಟ್ಟೆ ಅಂಗಡಿಯವರ ಮಗಳು ನಾನು. ಕೊರಳಲ್ಲಿ ಲಿಂಗ, ದಿನಾ ಪೂಜೆ ಆಗದೆ ಬಾಯಿಗೆ ನೀರಿಲ್ಲ. ಉಳ್ಳಾಗಡ್ಡಿಯನ್ನೇ ಹೆದರಿ ಹೆದರಿ ತಿನ್ನುವ ಮನೆ ನಮ್ಮದು. ನನ್ನ ಈ ಮನೆತನ ಅವರ ಕೆಲಸಕ್ಕೆ ಭಾಳ ಉಪಯೋಗಕ್ಕೆ ಬಂತು. ಹಳ್ಳಿಯ ಮಹಿಳಾ ಮಂಡಳದಲ್ಲಿ ಹೊಸ ಅಡುಗೆ ಮಾಡಿ ತೋರಿಸುವುದು ನಮ್ಮ ಕೆಲಸ. ಮಾಡುವವರು ಅವರು, ಕೈ ಸುಟ್ಟುಕೊಳ್ಳುವವರೂ ಅವರೇ. ಆದರೆ ಮೊದಲ ತುತ್ತು ನಾನು ತಿನ್ನಬೇಕು. ಹಾಲಿನ ಪುಡಿಯ ಪಾಯಸವಾಗಲಿ, ಸೋಯಾ ಹಿಟ್ಟಿನ ರೊಟ್ಟಿಯಾಗಲಿ, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. “ಸಣ್ಣ ಅಕ್ಕೋರು ತಿಂದ್ರ ನಾವೂ ತಿಂತೀವ್ರಿ.” ಬೇಮಳಖೇಡದಲ್ಲಿ ಮೊದಲ ಸಲ ಬೀಟ್‌ರೂಟ್ ಪಲ್ಯ ಮಾಡಿದಾಗ ಅದರ ಬಣ್ಣ ನೋಡಿ ಅರ್ಧ ಜನ ಎದ್ದು ನಿಂತಿದ್ದರು. ನಾನು ಒಂದು ತುತ್ತು ಬಾಯಿಗೆ ಹಾಕಿಕೊಂಡೆ, ಎಲ್ಲರೂ ಕೂತರು, ಪಾತ್ರೆ ಬರಿದಾಯಿತು. ಬರುವಾಗ ಬಸ್ಸಿನಲ್ಲಿ ದೊಡ್ಡ ಅಕ್ಕೋರು, “ನಿನ್ನ ಬಾಯಿ ಅಂದ್ರ ನಮ್ಮ ಇಲಾಖಿ ಮೊಹರ್ ಅದ ತಂಗಿ” ಎಂದು ನನ್ನ ಗಲ್ಲ ಹಿಂಡಿದರು.

ಮಳೆಹುಳದ ವಿಷಯ ನನಗೆ ತಿಳಿದದ್ದು ಮೊದಲ ಮುಂಗಾರಿಗೆ. ಬೆಳಗಿನ ಜಾವ ಮಳೆ ನಿಂತಿತ್ತು. ಅಕ್ಕೋರು ಕೋಣೆಯಲ್ಲಿ ಇರಲಿಲ್ಲ. ಬೆಳಕು ಹರಿದ ಮೇಲೆ ಕಾಲಿಗೆ ಮೊಣಕಾಲತನಕ ಕರಿಮಣ್ಣು ಮೆತ್ತಿಕೊಂಡು, ಕೈಯಲ್ಲಿ ಬಾಯಿ ಕಟ್ಟಿದ ಗಡಿಗೆ ಹಿಡಿದು ಬಂದರು. ಹೊಲದ ಬದುವಿನ ಹುತ್ತದಿಂದ ಏಳುವ ರೆಕ್ಕೆಯ ಗೆದ್ದಲು. ಅವರ ತೆಲುಗಿನಲ್ಲಿ ಉಸಿಳ್ಳು. ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ, ಎಣ್ಣೆ ಹಾಕದೆ ಹಂಚಿನ ಮೇಲೆ ಹುರಿದು, ಉಪ್ಪು ಖಾರ ಉದುರಿಸಿ, ಹುರಿದ ಜೋಳದ ಅಳ್ಳಿನ ಜೊತೆ ಕಲಸಿದರು. ನಾನು ಮೂಗು ಮುಚ್ಚಿಕೊಂಡು ಹೊರಗೆ ಹೋಗಿ ನಿಂತೆ. ಅವರು ನನ್ನ ಪಾತ್ರೆ ಮುಟ್ಟದೆ ಬೇರೆ ಪಾತ್ರೆಯಲ್ಲಿ ಮಾಡಿ, ಬೇರೆ ತಾಟಿನಲ್ಲಿ ತಿಂದು, ಬೂದಿ ಹಾಕಿ ಮೂರು ಸಲ ತಿಕ್ಕಿಟ್ಟರು.

ಹುಳ ಹಿಡಿಯಲೂ ಅವರದೊಂದು ರೀತಿ ಇತ್ತು. ಹುತ್ತಕ್ಕೆ ಮೊದಲು ಕೈ ಮುಗಿಯಬೇಕು, ಅಗೆಯಬಾರದು. ಮೊದಲು ಹಾರಿದವನ್ನೆಲ್ಲ ಬಿಡಬೇಕು. “ಅವು ಹೋಗಿ ಮತ್ತ ಮನಿ ಕಟ್ತಾವ. ಎಲ್ಲಾ ನಾವೇ ತಿಂದ್ರ ಮುಂದಿನ ವರ್ಷ ಏನ್ ತಿನ್ನೂದು?” ಎಂದು ಹುತ್ತದ ಅರ್ಧ ಬಾಯಿಗಷ್ಟೇ ಸೀರೆ ಹಾಸುತ್ತಿದ್ದರಂತೆ. ಮೋರಖಂಡಿಗೆ ಒಮ್ಮೆ ಕ್ಯಾಂಪು ಹೋದಾಗ ಜೋಳದ ಹೊಲಕ್ಕೆ ಮಿಡತೆ ಬಿದ್ದಿದ್ದವು. ಕೃಷಿ ಇಲಾಖೆಯವರು ವಿಷದ ಪುಡಿ ಹೊಡೆಸುತ್ತಿದ್ದರು. ಅಕ್ಕೋರು ಹೊಲದ ನಡುವೆ ನಿಂತು ಜಗಳವನ್ನೇ ತೆಗೆದರು. “ಪುಡಿ ಹಾಕಿ ಕೊಂದ್ರ ಅವು ಯಾರಿಗೂ ದಕ್ಕಂಗಿಲ್ರಿ. ಹಕ್ಕಿಗೂ ಇಲ್ಲ, ಮನಿಷ್ಯಾಗೂ ಇಲ್ಲ. ಬಲಿ ಬೀಸಿ ಹಿಡೀರಿ, ಹುರಕೊಂಡು ತಿನ್ರಿ.” ಪುಡಿ ಹೊಡೆಯುವವನು ನಕ್ಕು ನಕ್ಕು ಪಂಪು ಕೆಳಗಿಟ್ಟ. ಹೊಲದ ಯಜಮಾನರು ನನ್ನ ಹತ್ತಿರ ಬಂದು, “ಈ ಅಕ್ಕೋರ ತಲಿ ಬರೋಬರಿ ಅದ ಏನ್ರಿ?” ಎಂದು ಮೆಲ್ಲಗೆ ಕೇಳಿದರು.

ತಲೆ ಬರೋಬರಿಯೇ ಇತ್ತು. ಅವರ ಲೆಕ್ಕ ಸರಳವಾಗಿತ್ತು, ನೂರು ಸಲ ಕೇಳಿ ನನಗೆ ಬಾಯಿಪಾಠವಾಗಿದೆ. ಆಡು ದೊಡ್ಡದಾಗಬೇಕೆಂದರೆ ಮೇವು ಬೇಕು, ನೀರು ಬೇಕು, ಕಾಯುವವರು ಬೇಕು. ಅಷ್ಟು ಮಾಡಿ ದೊಡ್ಡದಾದ ಆಡು ಕೂಲಿಯವನ ಮನೆಗೆ ಬರುವುದೇ ಇಲ್ಲ, ಸಂತೆಗೆ ಹೋಗುತ್ತದೆ. ಮಳೆಹುಳಕ್ಕೆ ಯಾರೂ ಮೇವು ಹಾಕುವುದಿಲ್ಲ. ಮಿಡತೆ ನಮ್ಮ ಬೆಳೆಯನ್ನೇ ತಿಂದು ಕೊಬ್ಬಿರುತ್ತದೆ, ಅದನ್ನು ತಿಂದರೆ ಬೆಳೆಯೂ ಉಳಿಯಿತು, ಹೊಟ್ಟೆಯೂ ತುಂಬಿತು. ಖಂಡ ತಿನ್ನುವ ಮನೆಯಲ್ಲಿ ಖಂಡದ ಬದಲು ಇದು ಯಾಕಾಗಬಾರದು? ಹೀಗೆ ಹೇಳಿ ಕೊನೆಗೆ, “ತಿಂದು ನೋಡಿ ಮಾತಾಡ್ರಿ” ಎನ್ನುತ್ತಿದ್ದರು. ಯಾರೂ ತಿಂದು ನೋಡುತ್ತಿರಲಿಲ್ಲ.

ಯಾರೂ ಎಂದರೆ ತಪ್ಪಾಗುತ್ತದೆ. ಬೇಮಳಖೇಡದಲ್ಲಿ ತುಳಜಮ್ಮ ಎಂಬ ಕೂಲಿಯ ಹೆಣ್ಣುಮಗಳಿದ್ದಳು. ಅವಳ ಮೂರು ವರ್ಷದ ಮಗಳ ಕೂದಲು ಜೋಳದ ತೆನೆಯ ಎಳೆಯ ಹಾಗಿತ್ತು. ಒಂದು ದಿನ ಗಡಿಗೆಯ ಮುಚ್ಚಳ ತೆಗೆದಾಗ ಅಕ್ಕೋರಿಗೆ ಅಲ್ಲಿ ಹುರಿದ ಮಳೆಹುಳ ಕಂಡವು. ತುಳಜಮ್ಮ ಕಳ್ಳಿಯ ಹಾಗೆ ನಿಂತಳು. “ನಮ್ಮವ್ವ ತಿಂತಿದ್ಳ್ರಿ, ನಾವೂ ತಿಂತೀವಿ. ಯಾರ ಮುಂದೂ ಅನಬ್ಯಾಡ್ರಿ ಅಕ್ಕೋರ, ಗೌಡ್ರ ಮನ್ಯಾಗ ನೀರು ಮುಟ್ಟಗೊಡಂಗಿಲ್ಲ.” ಅಕ್ಕೋರು ಅವಳ ಗಡಿಗೆಯಿಂದಲೇ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು. ತುಳಜಮ್ಮ ಅತ್ತೇ ಬಿಟ್ಟಳು. ಆ ಮಳೆಗಾಲವೆಲ್ಲ ಅಕ್ಕೋರು ಹಿಡಿದದ್ದರಲ್ಲಿ ಅರ್ಧ ಆ ಮನೆಗೆ ಹೋಯಿತು. ಶ್ರಾವಣ ಮುಗಿಯುವ ಹೊತ್ತಿಗೆ ಆ ಮಗುವಿನ ಕೂದಲನ್ನು ಬೆಳಕಿಗೆ ಹಿಡಿದು ಅಕ್ಕೋರು ನನಗೆ ತೋರಿಸಿದರು. ಬುಡದಲ್ಲಿ ಕಪ್ಪು ಇಳಿದಿತ್ತು.

ನಾನು ತಿಂದದ್ದು ಎರಡನೇ ವರ್ಷದ ಮುಂಗಾರಿನಲ್ಲಿ. ಯಾರೂ ಒತ್ತಾಯ ಮಾಡಲಿಲ್ಲ. ಹುರಿದ ಶೇಂಗಾದಂಥ ವಾಸನೆ ಬಂದು ಹಸಿವು ಕೆರಳಿತು, ಅಷ್ಟೇ ಕಾರಣ. ಎದ್ದು ಬಾಗಿಲು ಹಾಕಿದೆ, ಅಗಳಿಯನ್ನೂ ಹಾಕಿದೆ. “ಬಾಗಲಾ ಯಾಕ ಹಾಕ್ತಿ, ಸೆಕಿ ಆಗ್ತದ” ಎಂದರು ಅಕ್ಕೋರು. ಗೋಡೆಯ ಕಡೆ ತಿರುಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ರುಚಿಯಾಗಿತ್ತು. ಇನ್ನೊಂದು ಚಿಟಿಕೆ, ಆಮೇಲೆ ಹಿಡಿ. ತಿರುಗಿ ನೋಡಿದರೆ ಅಕ್ಕೋರು ತಮ್ಮ ತಾಟು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅಷ್ಟು ಸಂತೋಷದ ಮುಖವನ್ನು ನಾನು ಅವರಲ್ಲಿ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. “ಯಾರರ ಜೋಡಿ ಕುಂತು ತಿನ್ನಲಾರದೆ ಎಷ್ಟೋ ವರ್ಷ ಆಗಿತ್ತು ತಂಗಿ” ಎಂದು ತಮ್ಮ ತಾಟಿನಿಂದಲೂ ನನಗೆ ಸುರಿದರು. ಮರುದಿನ ಪೂಜೆಗೆ ಕೂರುವ ಮೊದಲು ಎರಡೆರಡು ಸಲ ಬಾಯಿ ತೊಳೆದೆ. ಆದರೂ ಮುಂದಿನ ಮಳೆಗೆ ಮತ್ತೆ ತಿಂದೆ, ಬಾಗಿಲು ಹಾಕಿ.

ಇಲಾಖೆಯಲ್ಲಿ ಒಂದು ದೊಡ್ಡ ತಖ್ತೆ ಇತ್ತು. ಯಾವ ಯಾವ ತಿನಿಸಿನಿಂದ ಮಕ್ಕಳ ಮೈ ತುಂಬುತ್ತದೆ ಎಂದು ಬಣ್ಣದ ಚಿತ್ರ ಬರೆಸಿದ್ದು. ಹಾಲು, ತತ್ತಿ, ಬೇಳೆ, ಖಂಡ. ಅದರ ಕೆಳಗೆ ಮಳೆಹುಳ ಎಂದು ಒಂದು ಸಾಲು ಬರೆಸಬೇಕೆಂಬುದು ಅಕ್ಕೋರ ಆಸೆ. ಆ ತಖ್ತೆಯಲ್ಲಿ ಬಂದರೆ ತುಳಜಮ್ಮನಂಥವರು ಗಡಿಗೆ ಮುಚ್ಚಿಡಬೇಕಾಗಿಲ್ಲ ಎನ್ನುತ್ತಿದ್ದರು. ಬ್ಲಾಕ್ ಆಫೀಸಿನ ಸಾಹೇಬರ ಬೆನ್ನು ಹತ್ತಿ ಹತ್ತಿ ಕೇಳಿದರು. ಸಾಹೇಬರು ಬೇಸತ್ತು, “ಬಸವಕಲ್ಯಾಣದ ಪ್ರದರ್ಶನದಾಗ ಇಡ್ರಿ. ಹತ್ತು ಮಂದಿ ಹೆಣ್ಣಮಕ್ಕಳು ತಿಂದ್ರ ನಾ ಬರಸ್ತೀನಿ” ಎಂದರು. ಅಕ್ಕೋರಿಗೆ ಅಷ್ಟೇ ಸಾಕಾಯಿತು. ಹತ್ತು ಮಂದಿ ತಿನ್ನಬೇಕಾದರೆ ಮೊದಲು ಒಬ್ಬರು ತಿನ್ನಬೇಕು, ಆ ಒಬ್ಬರು ಅವರ ಕೋಣೆಯಲ್ಲೇ ಇದ್ದಾರೆ. ಹಿಂದಿನ ದಿನ ಕೇಳಿದರು, “ನಾಳಿ ಇಡಲೇನ ತಂಗಿ?” ನಾನು “ಇಡ್ರಿ ಅಕ್ಕಾ” ಅಂದೆ. ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಒಂದು ದಿನ ಪೂರ್ತಿ ಇತ್ತು. ಬಾಗಿಲು ಹಾಕಿ ತಿಂದವಳು ಬಾಗಿಲು ತೆರೆದರೂ ತಿನ್ನುತ್ತಾಳೆ ಎಂದು ಅವರು ನಂಬಿಬಿಟ್ಟಿದ್ದರು.

ಬಸವಕಲ್ಯಾಣದ ಶಾಲೆಯೊಂದರ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮುಂದೆ ಜಮಖಾನೆಯ ಮೇಲೆ ಹಳ್ಳಿಗಳಿಂದ ಬಂದ ಹೆಂಗಸರು, ಅವರಲ್ಲಿ ತುಳಜಮ್ಮ, ಮಡಿಲಲ್ಲಿ ಮಗಳು. ಹಿಂದೆ ಕುರ್ಚಿಗಳಲ್ಲಿ ಊರಿನ ದೊಡ್ಡವರು. ಎರಡನೇ ಸಾಲಿನಲ್ಲಿ ನಮ್ಮಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಪಕ್ಕದವರಿಗೆ ನನ್ನನ್ನು ತೋರಿಸುತ್ತ ಕೂತಿದ್ದರು. ಶೇಂಗಾ ಉಂಡೆ, ನುಗ್ಗೆಸೊಪ್ಪಿನ ಪಲ್ಯ, ಎಲ್ಲಕ್ಕೂ ಮೊದಲ ತುತ್ತು ನಾನು ತಿಂದೆ, ಕೈಗಳು ಮುಂದೆ ಬಂದವು. ಕೊನೆಗೆ ಅಕ್ಕೋರು ಒಂದು ತಾಟಿನ ಮೇಲಿನ ಬಟ್ಟೆ ತೆಗೆದರು.

“ಇವು ಮಳೆಹುಳ. ಹುರದದ್ದು” ಎಂದು ನೇರವಾಗಿ ಹೇಳಿದರು. ಪುಡಿ ಮಾಡಿ ಉಂಡೆಯಲ್ಲಿ ಸೇರಿಸಿದ್ದರೆ ಎಲ್ಲರೂ ತಿನ್ನುತ್ತಿದ್ದರು, ನಾನು ಆ ಮಾತು ಹೇಳಿದ್ದೆ ಕೂಡ. ಅದಕ್ಕೆ ಅಕ್ಕೋರು, ಮೋಸ ಮಾಡಿ ತಿನ್ನಿಸಿದ್ದು ಮೈಗೆ ಹತ್ತುವುದಿಲ್ಲ ಎಂದಿದ್ದರು. ನಗು ಎದ್ದಿತು, ಒಬ್ಬರು ಕೆಮ್ಮಿದರು. ಅಕ್ಕೋರು ಆಡಿನ ಮಾತು, ಮೇವಿನ ಮಾತು, ಎಲ್ಲ ಸಾವಕಾಶ ಹೇಳಿದರು. ನಗು ಸ್ವಲ್ಪ ಇಳಿಯಿತು. ಜಮಖಾನೆಯ ಹೆಂಗಸರು ರೂಢಿಯಂತೆ ನನ್ನ ಕಡೆ ತಿರುಗಿದರು. ಅಕ್ಕೋರು ತಾಟು ನನ್ನ ಮುಂದೆ ಹಿಡಿದರು.

“ತಗೋ ತಂಗಿ.”

ತುಳಜಮ್ಮ ಮುಂದಕ್ಕೆ ಬಾಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದರು. ನನ್ನ ಕೈ ಮೇಲೆ ಬರಲಿಲ್ಲ. “ನನಗ ವಾಕರಿಕಿ ಬರ್ತದ್ರಿ” ಅಂದೆ. ಎಲ್ಲರಿಗೂ ಕೇಳುವ ಹಾಗೆ ಅಂದೆ.

ಅಕ್ಕೋರು ನನ್ನ ಮುಖ ನೋಡಿದರು. ನಮ್ಮ ಕೋಣೆಯಲ್ಲಿ ತಿಂದದ್ದನ್ನು ಒಂದೇ ಮಾತಿನಲ್ಲಿ ಹೇಳಿದ್ದರೆ ನನ್ನ ಮಾನ, ನನ್ನ ಅಪ್ಪನ ಮಾನ ಅಲ್ಲಿಯೇ ಹೋಗುತ್ತಿತ್ತು. ಹೇಳಲಿಲ್ಲ. ತುಳಜಮ್ಮನ ಮಗಳು ತಾಟಿನ ಕಡೆ ಕೈ ಚಾಚಿತ್ತು. ತುಳಜಮ್ಮ ಆ ಕೈಗೆ ಫಟ್ಟನೆ ಹೊಡೆದು, “ಛೀ, ಹುಳ” ಎಂದಳು. ನನಗೆ ಇವತ್ತಿಗೂ ಅದು ಕೇಳಿಸುತ್ತದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ನನ್ನನ್ನು ನೋಡಿಯೇ ಹಾಗೆಂದಳು. ಆಮೇಲೆ ಅಕ್ಕೋರು ತಾಟನ್ನು ಮೇಜಿನ ಮೇಲಿಟ್ಟು, ಅಷ್ಟು ಜನರ ಮುಂದೆ ನಿಂತುಕೊಂಡೇ, ಒಂದೊಂದು ಹಿಡಿಯಾಗಿ ಪೂರ್ತಿ ತಿಂದರು. ಅವಸರ ಮಾಡಲಿಲ್ಲ. ಜನ ನಗುತ್ತ ಚಹಾದ ಕಡೆ ಹೊರಟರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋದೆ.

ಅಂದಿನಿಂದ ಅವರು ‘ಹುಳದ ಅಕ್ಕೋರು’ ಆದರು. ಇಷ್ಟು ಹೊತ್ತು ಬರೆಯಬಾರದೆಂದುಕೊಂಡಿದ್ದ ಹೆಸರನ್ನು ಬರೆದುಬಿಟ್ಟೆ, ಇರಲಿ. ಹಳ್ಳಿಗಳಲ್ಲಿ ಅವರ ಕೈಯ ನುಗ್ಗೆಸೊಪ್ಪನ್ನೂ ಜನ ಮುಟ್ಟದಾದರು. ಹುಮನಾಬಾದಿನ ಮನೆಯೊಡತಿ ನನ್ನನ್ನು ಕರೆದು, “ಅವರು ಬಿಡ್ಲಿ, ನೀವು ಇರ್ರಿ” ಎಂದಳು. ಅಕ್ಕೋರು ಒಂದು ಟ್ರಂಕು, ಒಂದು ಸ್ಟೋವು ತೆಗೆದುಕೊಂಡು ಹೊರಟರು. ನನ್ನ ಮೇಲೆ ಒಂದು ಕೆಟ್ಟ ಮಾತಿಲ್ಲ. “ನಿನ್ನ ಮನಿ ದೊಡ್ಡದದ ತಂಗಿ, ನನಗ ತಿಳಿಬೇಕಿತ್ತು” ಎಂದರು. ಬೈದಿದ್ದರೆ ನನಗೆ ಸುಖವಾಗುತ್ತಿತ್ತು. ಕೆಲ ತಿಂಗಳಲ್ಲಿ ಅವರನ್ನು ಹುಲಸೂರಿನ ಕಡೆಗೆ ಹಾಕಿದರು. ನಾನೂ ಬಸವಕಲ್ಯಾಣಕ್ಕೆ ಬಂದೆ, ಮದುವೆಯಾದೆ, ನೌಕರಿಯಲ್ಲಿ ಮೇಲೆ ಹೋದೆ. ಅಲ್ಲಿಂದ ಹುಲಸೂರು ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹದಿನೈದು ವರ್ಷ ನನಗೆ ಅದನ್ನು ದಾಟಲು ಆಗಲಿಲ್ಲ.

ಎಂಬತ್ತರ ದಶಕದ ನಡುವೆ ಅವರು ರಿಟೈರಾಗಿ ಹುಲಸೂರಿನಲ್ಲೇ ಉಳಿದಿದ್ದಾರೆಂದು ತಿಳಿಯಿತು. ಆ ವರ್ಷ ಮುಂಗಾರು ಬಂದಾಗ ನಾನೇ ಹೊಲಕ್ಕೆ ಹೋದೆ. ಹುತ್ತಕ್ಕೆ ಕೈ ಮುಗಿದು, ಅರ್ಧ ಬಿಟ್ಟು, ಅರ್ಧ ಹಿಡಿದು, ಮನೆಯವರೆಲ್ಲ ಲಗ್ನಕ್ಕೆ ಹೋಗಿದ್ದಾಗ ಹುರಿದು ಡಬ್ಬಿಗೆ ತುಂಬಿದೆ. ಅಪ್ಪ ತೀರಿಕೊಂಡಿದ್ದರು. ನಾನು ಹೆದರಬೇಕಾದವರು ಯಾರೂ ಉಳಿದಿರಲಿಲ್ಲ. ಅವರ ಓಣಿಯ ಕಟ್ಟೆಯ ಮೇಲೆ ಕೂತು ಎಲ್ಲರ ಮುಂದೆ ಅವರ ಜೊತೆ ತಿನ್ನಬೇಕು, ಇದೊಂದೇ ನಿರ್ಧಾರ ಮಾಡಿಕೊಂಡು ಬಸ್ಸು ಹತ್ತಿದೆ.

ಅವರು ಸಣ್ಣವರಾಗಿದ್ದರು. ಅಷ್ಟೆತ್ತರದ ಹೆಂಗಸು ಬಾಗಿಲಿಗೆ ಬಾಗದೆ ಹೊರಗೆ ಬಂದರು. “ಸಣ್ಣ ಅಕ್ಕೋರು” ಎಂದು ನಕ್ಕು ಒಳಗೆ ಕರೆದೊಯ್ದು ಚಾಪೆ ಹಾಸಿದರು. ಪ್ರದರ್ಶನದ ಮಾತು ಇಬ್ಬರೂ ಎತ್ತಲಿಲ್ಲ. ಡಬ್ಬಿ ತೆಗೆದು ಇಬ್ಬರ ನಡುವೆ ಇಟ್ಟು ಮುಚ್ಚಳ ತೆರೆದೆ. ಅವರು ಬೆರಳಿನಿಂದ ಒಂದನ್ನು ಎತ್ತಿ, ಹುರಿದ ಹದ ನೋಡಿ, ಮತ್ತೆ ಡಬ್ಬಿಯಲ್ಲೇ ಹಾಕಿದರು.

“ಛಲೋ ಹುರದಿ. ಆದ್ರ ನಾ ಬಿಟ್ಟು ಭಾಳ ವರ್ಷಾಯ್ತು ತಂಗಿ.”

“ಯಾಕ ಅಕ್ಕಾ, ಹಲ್ಲಿಗಿ ಆಗಂಗಿಲ್ಲೇನು?”

“ಹಲ್ಲ್ ಅವ. ಒಬ್ಬಾಕಿನೇ ಕುಂತು ಎಷ್ಟಂತ ತಿನ್ನೂದು? ಬ್ಯಾಸರ ಬಂತು.”

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಒಂದು ತಂಬಿಗೆ ಮಜ್ಜಿಗೆ ಹಿಡಿದು ಒಳಗೆ ಬಂದಳು. “ಯಾರೋ ಮಂದಿ ಬಂದಾರಂತ ಕೇಳ್ದೆ” ಎಂದು ನನ್ನ ಸೀರೆ, ನನ್ನ ಕೊರಳು, ಹಣೆಯ ವಿಭೂತಿ ಎಲ್ಲ ನೋಡಿದಳು. ದೊಡ್ಡ ಅಕ್ಕೋರು ತಟ್ಟನೆ ಸೆರಗು ಎಳೆದು ಡಬ್ಬಿಯ ಮೇಲೆ ಹಾಕಿದರು. ಜನ್ಮದಲ್ಲಿ ಒಂದು ತುತ್ತನ್ನೂ ಯಾರಿಂದಲೂ ಮುಚ್ಚಿಟ್ಟವರಲ್ಲ ಅವರು.

“ಬಸವಕಲ್ಯಾಣದವ್ರು, ದೊಡ್ಡ ಮನ್ಯಾವ್ರು” ಎಂದು ಪರಿಚಯ ಮಾಡಿಸಿದರು. “ನನ್ನ ಸಲುವಾಗಿ ಚುರುಮುರಿ ತಂದಾರ.”

ಹೆಂಗಸು ನನ್ನ ಕಡೆ ತಿರುಗಿ ನಕ್ಕಳು. “ಅಷ್ಟ ದೂರದಿಂದ ಚುರುಮುರಿ ತಂದೀರೇನ್ರಿ?”

“ಹೌದ್ರಿ” ಅಂದೆ, “ಚುರುಮುರಿ.”